ಸಾಬು ದಸ್ತಗೀರ್

ಸಾಬು ದಸ್ತಗೀರ್ (ಜನವರಿ ೨೭, ೧೯೨೪ – ಡಿಸೆಂಬರ್ ೨, ೧೯೬೩) ಮೈಸೂರು ಸಂಸ್ಥಾನದಲ್ಲಿ ಹುಟ್ಟಿ, ಬ್ರಿಟನ್ ಮತ್ತು ಅಮೆರಿಕದ ಚಿತ್ರರಂಗಗಳಲ್ಲಿ ಪ್ರಸಿದ್ಧರಾದ ನಟ. ಚಿತ್ರಗಳಲ್ಲಿ ಅವರ ಹೆಸರು 'ಸಾಬು' ಎಂದಷ್ಟೇ ಕಾಣಿಸಿಕೊಳ್ಳುತ್ತಿತ್ತು. ಎಲಿಫೆಂಟ್ ಬಾಯ್ (೧೯೩೭), ದಿ ಥೀಫ್ ಆಫ್ ಬಾಗ್ದಾದ್ (೧೯೪೦) ಮತ್ತು ಜಂಗಲ್ ಬುಕ್ (೧೯೪೨) ಅವರ ಮುಖ್ಯ ಚಿತ್ರಗಳು. ಪಾಶ್ಚಾತ್ಯ ಚಿತ್ರಗಳಲ್ಲಿ ಭಾರತೀಯರ ಪಾತ್ರಗಳನ್ನು ಮುಖಕ್ಕೆ ಕಂದುಬಣ್ಣ ಬಳಿದುಕೊಂಡ ಬಿಳಿಯ ನಟರು ಮಾಡುವುದು ರೂಢಿಯಾಗಿದ್ದ ಕಾಲದಲ್ಲಿ, ಭಾರತೀಯನೊಬ್ಬನೇ ಕಥೆಯ ಕೇಂದ್ರದಲ್ಲಿ ನಿಂತು ಅಭಿನಯಿಸಿದ ಮೊದಲಿಗರಲ್ಲಿ ಅವರು ಪ್ರಮುಖರು. ಆದುದರಿಂದ ಮಕ್ಕಳೂ ದೊಡ್ಡವರೂ ಕೂಡಿ ನೋಡುವ ಸಾಹಸ ಹಾಗೂ ಹಾಸ್ಯಪ್ರಧಾನ ಚಿತ್ರಗಳಲ್ಲಿ ಬೇರೆ ಬೇರೆ ಜನಾಂಗಗಳನ್ನು ಹೇಗೆ ತೋರಿಸಲಾಯಿತು ಎಂಬ ಚರ್ಚೆಯಲ್ಲಿ ಅವರ ಜೀವನವೂ ಒಂದು ಮುಖ್ಯ ಉದಾಹರಣೆಯಾಗಿದೆ.

ಹೆಸರು

'ದಸ್ತಗೀರ್' ಎಂಬುದು ಪಾರಸಿ ಮೂಲದ ಪದ. ಕೈಹಿಡಿದು ಕಾಪಾಡುವವನು ಎಂಬುದು ಅದರ ಅರ್ಥ. ಸೂಫಿ ಸಂತ ಅಬ್ದುಲ್ ಖಾದರ್ ಜೀಲಾನಿಯವರ ಬಿರುದಾಗಿರುವ ಈ ಹೆಸರು ಬಸವಕಲ್ಯಾಣ, ಹುಮನಾಬಾದ್‌ಗಳಿಂದ ಮೈಸೂರಿನವರೆಗೆ ಕರ್ನಾಟಕದ ಮುಸಲ್ಮಾನ ಕುಟುಂಬಗಳಲ್ಲಿ ಬಳಕೆಯಲ್ಲಿದೆ. ಸಾಬು ಅವರ ಅಣ್ಣನ ಹೆಸರು ಷೇಕ್ ದಸ್ತಗೀರ್. ಅಣ್ಣನ ಹೆಸರಿನ ಈ ಭಾಗವೇ ವಿದೇಶದಲ್ಲಿ ಸಾಬು ಅವರಿಗೆ ಕುಲನಾಮದಂತೆ ಅಂಟಿಕೊಂಡಿತು.

ಜನನ ಮತ್ತು ಬಾಲ್ಯ

ಸಾಬು ಅವರು ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ ಜನಿಸಿದರು. ಕಪಿಲಾ ನದಿಯ ದಡದಲ್ಲಿರುವ ಈ ಪ್ರದೇಶವು ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ಕಾರ್ಯಾಚರಣೆಗೆ ಹೆಸರಾಗಿತ್ತು. ಕಾಡಿನೊಳಗೆ ದೊಡ್ಡ ದಿಮ್ಮಿಗಳಿಂದ ಆವರಣ ಕಟ್ಟಿ, ತಮಟೆ ಹಾಗೂ ಪಂಜುಗಳ ನೆರವಿನಿಂದ ಆನೆಗಳ ಹಿಂಡನ್ನು ಅದರೊಳಕ್ಕೆ ಅಟ್ಟಿ, ಸಾಕಾನೆಗಳ ಸಹಾಯದಿಂದ ಅವನ್ನು ಪಳಗಿಸುವುದು ಖೆಡ್ಡಾದ ಕ್ರಮ. ಈ ಕೆಲಸಕ್ಕೆ ಮಾವುತರ ಮತ್ತು ಕಾವಾಡಿಗಳ ಕುಟುಂಬಗಳೇ ಆಧಾರ.

ಸಾಬು ಅವರ ತಂದೆ ಮೈಸೂರು ಅರಸರ ಸೇವೆಯಲ್ಲಿದ್ದ ಮಾವುತರು. ತಾಯಿ ಬಹು ಬೇಗ ತೀರಿಕೊಂಡರು. ಸಾಬು ಇನ್ನೂ ಚಿಕ್ಕವರಿರುವಾಗಲೇ ತಂದೆಯೂ ಮರಣ ಹೊಂದಿದರು. ಅನಾಥನಾದ ಬಾಲಕನಿಗೆ ಅರಮನೆಯ ಆನೆಲಾಯವೇ ಆಸರೆಯಾಯಿತು. ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಆನೆಗಳ ಮೈ ತೊಳೆಯುವುದು, ಮೇವು ಹಾಕುವುದು, ಅವುಗಳ ಬೆನ್ನೇರಿ ನಡೆಸುವುದು ಬಾಲಕನಿಗೆ ಆಟವೂ ಆಗಿತ್ತು, ಮುಂದಿನ ಜೀವನೋಪಾಯದ ಶಿಕ್ಷಣವೂ ಆಗಿತ್ತು.

ಎಲಿಫೆಂಟ್ ಬಾಯ್

ಸಾಕ್ಷ್ಯಚಿತ್ರಗಳ ಆದ್ಯರಲ್ಲಿ ಒಬ್ಬರೆನಿಸಿದ ಅಮೆರಿಕದ ರಾಬರ್ಟ್ ಫ್ಲಾಹರ್ಟಿ ೧೯೩೫ರಲ್ಲಿ ಮೈಸೂರಿಗೆ ಬಂದರು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರಿಗಾಗಿ, ರುಡ್ಯಾರ್ಡ್ ಕಿಪ್ಲಿಂಗ್ ಬರೆದ ಆನೆಗಳ ತೂಮಾಯಿಯ ಕಥೆಯನ್ನು ಚಿತ್ರವಾಗಿಸುವುದು ಅವರ ಉದ್ದೇಶವಾಗಿತ್ತು. ಈ ಕಥೆ ೧೮೯೪ರಲ್ಲಿ ಪ್ರಕಟವಾದ ದಿ ಜಂಗಲ್ ಬುಕ್ ಸಂಕಲನದಲ್ಲಿದೆ. ಮಾವುತನ ಮಗನೊಬ್ಬ ಕಾಡಾನೆಗಳ ನೃತ್ಯವನ್ನು ಕಂಡು ಹಿರಿಯರ ಮೆಚ್ಚುಗೆಗೆ ಪಾತ್ರನಾಗುವುದು ಅದರ ವಸ್ತು. ತೂಮಾಯಿಯ ಪಾತ್ರಕ್ಕೆ ಹುಡುಗನನ್ನು ಅರಸುತ್ತಿದ್ದಾಗ, ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲ್ ಅವರ ಕಣ್ಣಿಗೆ ಅರಮನೆಯ ಆನೆಲಾಯದ ಸಾಬು ಬಿದ್ದರು. ತೂಮಾಯಿಯ ಆನೆಯಾದ ಕಾಲಾನಾಗ್ ಪಾತ್ರಕ್ಕೆ ಮೈಸೂರಿನ ಐರಾವತ ಎಂಬ ಆನೆಯನ್ನು ಆರಿಸಲಾಯಿತು.

ಫ್ಲಾಹರ್ಟಿ ಅವರು ಮೈಸೂರಿನಲ್ಲಿ ದೀರ್ಘಕಾಲ ಚಿತ್ರೀಕರಣ ನಡೆಸಿದರು. ಖರ್ಚು ಏರಿದರೂ ಕಥೆ ಮುಂದುವರಿಯದಿದ್ದುದರಿಂದ ಕೋರ್ಡಾ ತಮ್ಮ ಸಹೋದರ ಜೋಲ್ಟಾನ್ ಕೋರ್ಡಾ ಅವರಿಗೆ ನಿರ್ದೇಶನದ ಹೊಣೆಯನ್ನು ಹಂಚಿದರು. ಉಳಿದ ದೃಶ್ಯಗಳನ್ನು ಲಂಡನ್ ಬಳಿಯ ಡೆನ್ಹಮ್ ಸ್ಟುಡಿಯೋದಲ್ಲಿ ಚಿತ್ರೀಕರಿಸಲಾಯಿತು. ಇದಕ್ಕಾಗಿ ಸಾಬು ಅವರನ್ನು ಅಣ್ಣ ಷೇಕ್ ದಸ್ತಗೀರ್ ಅವರ ಜೊತೆಯಲ್ಲಿ ಇಂಗ್ಲೆಂಡಿಗೆ ಕರೆದೊಯ್ಯಲಾಯಿತು. ಅಲ್ಲಿ ಅವರು ಇಂಗ್ಲಿಷ್ ಕಲಿತು, ಶಾಲೆಗೂ ಸೇರಿದರು.

೧೯೩೭ರಲ್ಲಿ ತೆರೆಕಂಡ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ದೊರಕಿತು. ವಿಮರ್ಶಕರು ಬಾಲನಟನ ಸಹಜ ಅಭಿನಯವನ್ನು ವಿಶೇಷವಾಗಿ ಕೊಂಡಾಡಿದರು. ಆದರೆ ಈ ಚಿತ್ರದಲ್ಲಿಯೇ ಆ ಕಾಲದ ರೂಢಿ ಎದ್ದು ಕಾಣುತ್ತದೆ. ತೂಮಾಯಿಯ ತಂದೆಯ ಪಾತ್ರವನ್ನು ಡಬ್ಲ್ಯೂ. ಇ. ಹಾಲೋವೇ, ಹಿರಿಯ ಆನೆಗಾರ ಮಾಚುವಾ ಅಪ್ಪನ ಪಾತ್ರವನ್ನು ಅಲನ್ ಜೀಯ್ಸ್ ಎಂಬ ಇಂಗ್ಲಿಷ್ ನಟರು ಬಣ್ಣ ಬಳಿದುಕೊಂಡು ಮಾಡಿದರು. ಮಗ ನಿಜವಾದ ಮೈಸೂರಿನ ಹುಡುಗ, ತಂದೆ ಮಾತ್ರ ವೇಷ ಹಾಕಿದ ಆಂಗ್ಲ.

ದಿ ಡ್ರಮ್ ಮತ್ತು ಭಾರತದಲ್ಲಿ ಪ್ರತಿಭಟನೆ

ಕೋರ್ಡಾ ಸಂಸ್ಥೆಯಲ್ಲಿ ಸಾಬು ಅವರ ಎರಡನೆಯ ಚಿತ್ರ ದಿ ಡ್ರಮ್ (೧೯೩೮) ವರ್ಣಚಿತ್ರ. ವಾಯುವ್ಯ ಗಡಿನಾಡಿನ ಸಂಸ್ಥಾನವೊಂದರ ರಾಜಕುಮಾರ ಅಜೀಮ್ ಆಗಿ ಸಾಬು ಅದರಲ್ಲಿ ನಟಿಸಿದರು. ಈ ಬಾಲಕನು ಬ್ರಿಟಿಷ್ ಸೈನ್ಯದ ನಗಾರಿ ಹುಡುಗನೊಬ್ಬನ ಗೆಳೆಯನಾಗಿ, ತನ್ನ ಚಿಕ್ಕಪ್ಪನ ಸಂಚಿನಿಂದ ಬ್ರಿಟಿಷರನ್ನು ಪಾರುಮಾಡುತ್ತಾನೆ. ದುಷ್ಟ ಚಿಕ್ಕಪ್ಪ ಗುಲ್ ಆಗಿ ಕೆನಡಾದ ರೇಮಂಡ್ ಮ್ಯಾಸ್ಸಿ ಅಭಿನಯಿಸಿದರು. ಬ್ರಿಟಿಷರಿಗೆ ನೆರವಾಗುವ ಭಾರತೀಯ ಒಳ್ಳೆಯವನು, ಎದುರಿಸುವವನು ಕುಟಿಲ ಎಂಬ ಧೋರಣೆ ಚಿತ್ರದಲ್ಲಿ ಸ್ಪಷ್ಟವಾಗಿತ್ತು.

ಸ್ವಾತಂತ್ರ್ಯ ಚಳವಳಿ ಬಲಗೊಂಡಿದ್ದ ಆ ದಿನಗಳಲ್ಲಿ ಮುಂಬಯಿಯ ಜನರು ಈ ಚಿತ್ರದ ವಿರುದ್ಧ ಬೀದಿಗಿಳಿದರು. ಮದರಾಸಿನಲ್ಲಿಯೂ ವಿರೋಧ ವ್ಯಕ್ತವಾಯಿತು. ಕೊನೆಗೆ ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಹದಿನಾಲ್ಕರ ವಯಸ್ಸಿನ ಸಾಬು ಒಂದೇ ಕಾಲದಲ್ಲಿ ಲಂಡನ್ನಿನ ಪ್ರೇಕ್ಷಕರ ಕಣ್ಮಣಿಯೂ ಆಗಿದ್ದರು, ಸ್ವದೇಶದಲ್ಲಿ ತಿರಸ್ಕೃತವಾದ ಚಿತ್ರವೊಂದರ ನಾಯಕರೂ ಆಗಿದ್ದರು. ಕಥೆಯ ಆಯ್ಕೆಯಲ್ಲಿ ಆ ಬಾಲಕನ ಪಾತ್ರವೇನೂ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ದಿ ಥೀಫ್ ಆಫ್ ಬಾಗ್ದಾದ್

೧೯೪೦ರಲ್ಲಿ ಬಿಡುಗಡೆಯಾದ ದಿ ಥೀಫ್ ಆಫ್ ಬಾಗ್ದಾದ್ ಸಾಬು ಅವರ ಕೀರ್ತಿಯ ಶಿಖರ. ಅರೇಬಿಯನ್ ನೈಟ್ಸ್ ಕಥೆಗಳ ಮಾದರಿಯ ಈ ಕಲ್ಪನಾಪ್ರಧಾನ ಚಿತ್ರವನ್ನು ಲುಡ್ವಿಗ್ ಬರ್ಗರ್, ಮೈಕೆಲ್ ಪೊವೆಲ್ ಮತ್ತು ಟಿಮ್ ವೀಲನ್ ನಿರ್ದೇಶಿಸಿದರು. ಎರಡನೆಯ ಮಹಾಯುದ್ಧ ಆರಂಭವಾದ ಕಾರಣ ಚಿತ್ರೀಕರಣದ ಉಳಿದ ಭಾಗವನ್ನು ಅಮೆರಿಕದಲ್ಲಿ ಪೂರೈಸಲಾಯಿತು. ವರ್ಣ ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಚಿತ್ರವು ಮೂರು ಅಕಾಡೆಮಿ ಪ್ರಶಸ್ತಿಗಳನ್ನು ಪಡೆಯಿತು.

ಸಾಬು ಇದರಲ್ಲಿ ಅಬು ಎಂಬ ಪುಟ್ಟ ಕಳ್ಳ. ಸಿಂಹಾಸನ ಕಳೆದುಕೊಂಡ ಅರಸ ಅಹಮದನನ್ನು ಸೆರೆಮನೆಯಿಂದ ಬಿಡಿಸುವವನು ಇವನೇ. ಮಾಂತ್ರಿಕ ಜಾಫರನ ಮಂತ್ರದಿಂದ ನಾಯಿಯಾಗುವುದು, ಸೀಸೆಯಲ್ಲಿ ಸೆರೆಯಾಗಿದ್ದ ಬೃಹದಾಕಾರದ ಜಿನ್ನಿಯನ್ನು ಯುಕ್ತಿಯಿಂದ ಮತ್ತೆ ಸೀಸೆಗೇ ಇಳಿಸುವುದು, ವರ ಕೇಳುವ ಅವಕಾಶ ಸಿಕ್ಕಾಗ ಹಸಿವಿನಿಂದ ಮೊದಲು ತಿಂಡಿಯನ್ನೇ ಕೇಳುವುದು ಮುಂತಾದ ಪ್ರಸಂಗಗಳು ಮಕ್ಕಳನ್ನು ನಗಿಸುತ್ತವೆ. ಕೊನೆಯಲ್ಲಿ ಅರಸನು ಅಬುವನ್ನು ಓದಿಸಿ ವಜೀರನನ್ನಾಗಿ ಮಾಡುವುದಾಗಿ ಸಾರಿದಾಗ, ಅವನು ಹಾರುವ ಜಮಖಾನೆಯನ್ನೇರಿ ಹೊಸ ಸಾಹಸಗಳನ್ನು ಅರಸಿ ಹೊರಟುಬಿಡುತ್ತಾನೆ.

ಪ್ರಾತಿನಿಧ್ಯದ ದೃಷ್ಟಿಯಿಂದ ಈ ಚಿತ್ರದಲ್ಲಿ ಎರಡು ಮುಖಗಳಿವೆ. ಜಿನ್ನಿಯಾಗಿ ನಟಿಸಿದವರು ಆಫ್ರಿಕನ್ ಅಮೆರಿಕನ್ ನಟ ರೆಕ್ಸ್ ಇಂಗ್ರಾಮ್. ಭಾರತದ ಹುಡುಗ ಮತ್ತು ಕರಿಯ ನಟ ಇಬ್ಬರೇ ತೆರೆಯನ್ನು ತುಂಬುವ ದೀರ್ಘ ದೃಶ್ಯಗಳು ಅಂದಿನ ದೊಡ್ಡ ಚಿತ್ರಗಳಲ್ಲಿ ಅಪರೂಪ. ಚಿತ್ರದ ಉತ್ತಮ ಹಾಸ್ಯವೂ ಸಾಹಸವೂ ಇವರಿಬ್ಬರ ಪಾಲಿಗೇ ಬಂದಿವೆ. ಇನ್ನೊಂದು ಕಡೆ, ೧೯೨೪ರ ಮೂಕಿ ಚಿತ್ರದಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಮಾಡಿದ ಕಳ್ಳನೇ ರಾಜಕುಮಾರಿಯನ್ನು ವರಿಸಿದ್ದನು. ೧೯೪೦ರ ಚಿತ್ರದಲ್ಲಿ ಆ ಒಂದು ಪಾತ್ರವನ್ನು ಎರಡಾಗಿ ಸೀಳಲಾಯಿತು. ಸಾಹಸವು ಸಾಬುವಿಗೂ, ಪ್ರೇಮ ಮತ್ತು ಸಿಂಹಾಸನಗಳು ಇಂಗ್ಲಿಷ್ ನಟ ಜಾನ್ ಜಸ್ಟಿನ್ ಅವರಿಗೂ ಹೋದವು. ೧೯೯೨ರ ಡಿಸ್ನಿ ಸಂಸ್ಥೆಯ ಅಲ್ಲಾದೀನ್ ವ್ಯಂಗ್ಯಚಲನಚಿತ್ರವು ಈ ಚಿತ್ರಕ್ಕೆ ಬಹಳ ಋಣಿಯಾಗಿದೆ. ಅಲ್ಲಿ ಜಾಫರ್ ಎಂಬ ಹೆಸರು ಖಳನಿಗೇ ಉಳಿದರೆ, ಅಬು ಎಂಬ ಹೆಸರು ನಾಯಕನ ಸಾಕು ಕೋತಿಗೆ ಸಂದಿತು.

ಅಮೆರಿಕದಲ್ಲಿ

ಕೋರ್ಡಾ ಸಹೋದರರೊಡನೆ ಅಮೆರಿಕಕ್ಕೆ ಬಂದ ಸಾಬು, ಜೋಲ್ಟಾನ್ ಕೋರ್ಡಾ ನಿರ್ದೇಶಿಸಿದ ಜಂಗಲ್ ಬುಕ್ (೧೯೪೨) ಚಿತ್ರದಲ್ಲಿ ತೋಳಗಳ ನಡುವೆ ಬೆಳೆದ ಮೌಗ್ಲಿಯಾಗಿ ನಟಿಸಿದರು. ಭಾರತದ ಕಾಡನ್ನು ಕ್ಯಾಲಿಫೋರ್ನಿಯಾದಲ್ಲಿ ಕೃತಕವಾಗಿ ನಿರ್ಮಿಸಲಾಗಿತ್ತು. ಚಿತ್ರವು ನಾಲ್ಕು ಅಕಾಡೆಮಿ ಪ್ರಶಸ್ತಿಗಳಿಗೆ ನಾಮನಿರ್ದೇಶನಗೊಂಡಿತು. ಮಿಕ್ಲೋಸ್ ರೋಜಾ ರಚಿಸಿದ ಸಂಗೀತವು ಸಾಬು ಅವರ ನಿರೂಪಣೆಯೊಡನೆ ಧ್ವನಿಮುದ್ರಿಕೆಯಾಗಿ ಮಾರಾಟವಾಯಿತು. ಚಲನಚಿತ್ರದ ಹಿನ್ನೆಲೆ ಸಂಗೀತವನ್ನು ಹೀಗೆ ಪ್ರತ್ಯೇಕವಾಗಿ ಹೊರತಂದ ಆರಂಭದ ನಿದರ್ಶನಗಳಲ್ಲಿ ಇದೂ ಒಂದು. ಮೌಗ್ಲಿಯ ತಾಯಿ ಮೆಸ್ಸುವಾ ಆಗಿ ಅಮೆರಿಕದ ರೋಸ್‌ಮೇರಿ ಡಿಕ್ಯಾಂಪ್, ಬೇಟೆಗಾರ ಬುಲ್ದೇವ್ ಆಗಿ ಮಾಲ್ಟಾ ದ್ವೀಪದ ಜೋಸೆಫ್ ಕಲೇಯಾ ಅಭಿನಯಿಸಿದರು.

ಬಳಿಕ ಯೂನಿವರ್ಸಲ್ ಸಂಸ್ಥೆಯು ಅರೇಬಿಯನ್ ನೈಟ್ಸ್ (೧೯೪೨), ವೈಟ್ ಸ್ಯಾವೇಜ್ (೧೯೪೩) ಮತ್ತು ಕೋಬ್ರಾ ವುಮನ್ (೧೯೪೪) ಚಿತ್ರಗಳಲ್ಲಿ ಅವರನ್ನು ಬಳಸಿಕೊಂಡಿತು. ಈ ಮೂರರಲ್ಲಿಯೂ ಮರಿಯಾ ಮಾಂಟೆಜ್ ನಾಯಕಿ, ಜಾನ್ ಹಾಲ್ ನಾಯಕ. ಸಾಬು ನಾಯಕನ ನೆಚ್ಚಿನ ಜೊತೆಗಾರ. ಕೇಂದ್ರಸ್ಥಾನದಲ್ಲಿದ್ದ ನಟನು ಇಪ್ಪತ್ತು ವರ್ಷ ತುಂಬುವ ಮೊದಲೇ ಪಕ್ಕದ ಸ್ಥಾನಕ್ಕೆ ಸರಿಯಬೇಕಾಯಿತು.

ಪೌರತ್ವ ಮತ್ತು ಯುದ್ಧಸೇವೆ

೧೯೨೩ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲವಾದುದರಿಂದ ಆ ದೇಶದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತ್ತು. ಈ ನಿರ್ಬಂಧವು ಸಾಮಾನ್ಯ ಭಾರತೀಯರ ಪಾಲಿಗೆ ಸಡಿಲವಾದದ್ದು ೧೯೪೬ರ ಲೂಸ್-ಸೆಲ್ಲರ್ ಕಾಯಿದೆಯಿಂದ. ಅದಕ್ಕೂ ಮೊದಲೇ, ಯುದ್ಧದ ನಡುವೆ, ೧೯೪೪ರಲ್ಲಿ ಸಾಬು ಅಮೆರಿಕದ ಪೌರರಾದರು.

ಅವರು ಅಮೆರಿಕದ ಸೇನಾ ವಾಯುದಳವನ್ನು ಸೇರಿ, ಬಿ-೨೪ ಲಿಬರೇಟರ್ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಯುದ್ಧರಂಗದಲ್ಲಿ ಸೇವೆ ಸಲ್ಲಿಸಿದರು. ಅನೇಕ ದಾಳಿಗಳಲ್ಲಿ ತೋರಿದ ಶೌರ್ಯಕ್ಕಾಗಿ ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಲಭಿಸಿತು. ತೆರೆಯ ಮೇಲೆ ಜಮಖಾನೆಯಲ್ಲಿ ಹಾರಿದ ಹುಡುಗನ ಬದುಕಿನಲ್ಲಿ ಇದು ನಿಜವಾದ ಸಾಹಸದ ಅಧ್ಯಾಯ.

ಯುದ್ಧಾನಂತರದ ಚಿತ್ರಗಳು

ಯುದ್ಧ ಮುಗಿಸಿ ಬಂದ ಸಾಬು ಈಗ ಪ್ರಾಯದವರಾಗಿದ್ದರು. ಬಾಲಕನಾಗಿ ಅವರನ್ನು ಮೆಚ್ಚಿದ ಚಿತ್ರರಂಗಕ್ಕೆ, ಬೆಳೆದ ಭಾರತೀಯ ನಟನಿಗೆ ಯಾವ ಪಾತ್ರ ಕೊಡಬೇಕೆಂಬುದು ತಿಳಿಯಲಿಲ್ಲ. ಮೈಕೆಲ್ ಪೊವೆಲ್ ಮತ್ತು ಎಮರಿಕ್ ಪ್ರೆಸ್‌ಬರ್ಗರ್ ಅವರ ಬ್ಲ್ಯಾಕ್ ನಾರ್ಸಿಸಸ್ (೧೯೪೭) ಚಿತ್ರದಲ್ಲಿ ಅವರು ಹಿಮಾಲಯದ ಕಾನ್ವೆಂಟಿಗೆ ವಿದ್ಯೆ ಕಲಿಯಲು ಬರುವ ಯುವರಾಜನ ಪಾತ್ರ ವಹಿಸಿದರು. ಇಡೀ ಚಿತ್ರವನ್ನು ಇಂಗ್ಲೆಂಡಿನಲ್ಲಿಯೇ ಚಿತ್ರೀಕರಿಸಲಾಯಿತು. ಯುವರಾಜನು ಮೆಚ್ಚುವ ಕಾಂಚಿ ಎಂಬ ಹುಡುಗಿಯ ಪಾತ್ರಕ್ಕೆ ಇಂಗ್ಲಿಷ್ ನಟಿ ಜೀನ್ ಸಿಮನ್ಸ್ ಅವರಿಗೆ ಕಂದುಬಣ್ಣ ಬಳಿಯಲಾಯಿತು. ಅದೇ ವರ್ಷದ ದಿ ಎಂಡ್ ಆಫ್ ದಿ ರಿವರ್ ಚಿತ್ರದಲ್ಲಿ ಸಾಬು ಬ್ರೆಜಿಲ್ ದೇಶದ ಮೂಲನಿವಾಸಿ ಯುವಕನಾದರು. ಕಂದು ಮೈಬಣ್ಣವೊಂದಿದ್ದರೆ ಯಾವ ದೇಶದವನಾದರೂ ಆಗಬಹುದು ಎಂಬ ಸ್ಟುಡಿಯೋಗಳ ಭಾವನೆ ಇಲ್ಲಿಯೂ ಕಾಣುತ್ತದೆ.

ಮ್ಯಾನ್-ಈಟರ್ ಆಫ್ ಕುಮಾಊಂ (೧೯೪೮), ಸಾಂಗ್ ಆಫ್ ಇಂಡಿಯಾ (೧೯೪೯), ಸ್ಯಾವೇಜ್ ಡ್ರಮ್ಸ್ (೧೯೫೧) ಚಿತ್ರಗಳು ಹೆಚ್ಚಿನ ಯಶಸ್ಸು ಕಾಣಲಿಲ್ಲ. ೧೯೫೨ರ ಇಟಾಲಿಯನ್ ಹಾಸ್ಯಚಿತ್ರ ಬುವೊನ್‌ಜೋರ್ನೊ ಎಲೆಫಾಂತೆ ಇವುಗಳ ನಡುವೆ ವಿಶಿಷ್ಟವಾದುದು. ರೋಮ್ ನಗರದ ಬಡ ಶಾಲಾ ಮಾಸ್ತರನೊಬ್ಬನು ಭಾರತದಿಂದ ಬಂದ ರಾಜನಿಗೆ ಊರು ತೋರಿಸಿ ಉಪಚರಿಸುತ್ತಾನೆ. ಕೃತಜ್ಞನಾದ ರಾಜನು ಅವನಿಗೆ ಆನೆಮರಿಯೊಂದನ್ನು ಉಡುಗೊರೆಯಾಗಿ ಕಳುಹಿಸುತ್ತಾನೆ. ಬಾಡಿಗೆ ಮನೆಯಲ್ಲಿ ಸಂಸಾರ ನಡೆಸುವುದೇ ಕಷ್ಟವಾಗಿರುವ ಮಾಸ್ತರನಿಗೆ ಆನೆಯನ್ನು ಸಾಕುವ ಪಾಡು ಬರುತ್ತದೆ. ವಿತ್ತೋರಿಯೊ ದೆ ಸಿಕಾ ಮಾಸ್ತರನಾಗಿ, ಸಾಬು ರಾಜನಾಗಿ ನಟಿಸಿದರು. ಆನೆಲಾಯದ ಅನಾಥ ಹುಡುಗನು ಆನೆಯನ್ನು ದಾನ ಮಾಡುವ ದೊರೆಯಾಗಿ ಕಾಣಿಸಿಕೊಂಡದ್ದು ಹೀಗೆ. ೧೯೫೦ರ ದಶಕದ ಆರಂಭದಲ್ಲಿ ಅವರು ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನವನ್ನೂ ನೀಡಿದರು.

ಭಾರತೀಯ ಚಿತ್ರದ ಅವಕಾಶ

ನಿರ್ದೇಶಕ ಮೆಹಬೂಬ್ ಖಾನ್ ತಮ್ಮ ಮದರ್ ಇಂಡಿಯಾ (೧೯೫೭) ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಸಾಬು ಅವರನ್ನು ಯೋಚಿಸಿದ್ದರು. ಅದು ಕೈಗೂಡಲಿಲ್ಲ. ಆ ಪಾತ್ರ ಸುನಿಲ್ ದತ್ ಅವರಿಗೆ ದೊರೆತು, ಅವರನ್ನು ಪ್ರಸಿದ್ಧಿಗೆ ತಂದಿತು. ಜಗತ್ತಿನಾದ್ಯಂತ ಭಾರತೀಯ ಬಾಲಕನ ಪ್ರತೀಕವಾಗಿ ಗುರುತಿಸಲ್ಪಟ್ಟ ಸಾಬು ಅವರು ಕೊನೆಯವರೆಗೂ ಭಾರತದ ನಿರ್ಮಾಪಕರ ಚಿತ್ರವೊಂದರಲ್ಲಿ ನಟಿಸಲಿಲ್ಲ.

ಪ್ರಾತಿನಿಧ್ಯದ ಕುರಿತ ಚರ್ಚೆ

ಸಾಬು ಅವರ ಚಿತ್ರಗಳನ್ನು ಇಂದಿನ ವಿದ್ವಾಂಸರು ಎರಡು ಬಗೆಯಲ್ಲಿ ನೋಡುತ್ತಾರೆ. ಮೊದಲನೆಯ ದೃಷ್ಟಿಯಂತೆ, ಅವರ ಪಾತ್ರಗಳು ಸಾಮ್ರಾಜ್ಯಶಾಹಿಯ ಕಲ್ಪನೆಯಿಂದ ಮೂಡಿದವು. ಭಾರತೀಯನೆಂದರೆ ಮೈಮೇಲೆ ಅಂಗಿಯಿಲ್ಲದ, ಕಾಡುಪ್ರಾಣಿಗಳ ಗೆಳೆಯನಾದ, ಬಿಳಿಯರಿಗೆ ನಿಷ್ಠನಾದ, ಎಂದಿಗೂ ದೊಡ್ಡವನಾಗದ ಹುಡುಗ ಎಂಬ ಅಚ್ಚು ಈ ಚಿತ್ರಗಳಿಂದ ಗಟ್ಟಿಯಾಯಿತು. ಬೆಳೆದ ಮೇಲೆ ಅವರಿಗೆ ಒಳ್ಳೆಯ ಪಾತ್ರಗಳು ದೊರೆಯದಿದ್ದುದಕ್ಕೆ ಈ ಅಚ್ಚೂ ಒಂದು ಕಾರಣ.

ಎರಡನೆಯ ದೃಷ್ಟಿಯಂತೆ, ಅವರಿಗೆ ದೊರೆತ ಸ್ಥಾನವೇ ಆ ಕಾಲಕ್ಕೆ ದೊಡ್ಡದು. ಅದೇ ಕೋರ್ಡಾ ಸಂಸ್ಥೆಯ ತಾರೆಯಾಗಿದ್ದ ಮೆರ್ಲ್ ಒಬೆರಾನ್ ಮುಂಬಯಿಯಲ್ಲಿ ಹುಟ್ಟಿದವರು. ತಮ್ಮ ಭಾರತೀಯ ಮೂಲವನ್ನು ಬಚ್ಚಿಟ್ಟು, ತಾವು ಆಸ್ಟ್ರೇಲಿಯಾದ ಟಾಸ್ಮೇನಿಯಾದವರೆಂದು ಹೇಳಿಕೊಂಡು ಅವರು ಜೀವನ ಸಾಗಿಸಿದರು. ಮೂಲ ತಿಳಿದರೆ ನಾಯಕಿಯ ಪಾತ್ರಗಳು ಕೈತಪ್ಪುವ ಭಯ ಅವರಿಗಿತ್ತು. ಸಾಬು ಅವರಿಗೆ ಮರೆಮಾಚಲು ಅವಕಾಶವೂ ಇರಲಿಲ್ಲ, ಅವರು ಮರೆಮಾಚಲೂ ಇಲ್ಲ. ಸ್ವಂತ ಹೆಸರು, ಸ್ವಂತ ಬಣ್ಣ ಮತ್ತು ಸ್ವಂತ ಉಚ್ಚಾರಣೆಯಿಂದಲೇ ಜಾಹೀರಾತಿನಲ್ಲಿ ಮೊದಲ ಸ್ಥಾನ ಪಡೆದರು. ಅವರ ಅಬು ಮತ್ತು ಮೌಗ್ಲಿ ಬುದ್ಧಿಯಲ್ಲಿಯೂ ಧೈರ್ಯದಲ್ಲಿಯೂ ಸುತ್ತಲಿನ ದೊಡ್ಡವರನ್ನು ಮೀರಿಸುತ್ತಾರೆ. ಈ ಎರಡು ದೃಷ್ಟಿಗಳೂ ಪರಸ್ಪರ ವಿರುದ್ಧವಲ್ಲ. ಪಾತ್ರಗಳ ಮಿತಿಯನ್ನು ಒಪ್ಪಿಕೊಂಡೇ ನಟನ ಸಾಧನೆಯನ್ನು ಗೌರವಿಸುವುದು ಸಾಧ್ಯ.

ವೈಯಕ್ತಿಕ ಜೀವನ

ಸಾಬು ಅವರು ೧೯೪೮ರಲ್ಲಿ ನಟಿ ಮ್ಯಾರಿಲಿನ್ ಕೂಪರ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಪಾಲ್ ಮತ್ತು ಜಾಸ್ಮಿನ್ ಎಂಬ ಇಬ್ಬರು ಮಕ್ಕಳು. ಪಾಲ್ ಸಂಗೀತಗಾರರಾದರು. ಜಾಸ್ಮಿನ್ ಚಲನಚಿತ್ರಗಳಿಗಾಗಿ ಪ್ರಾಣಿಗಳನ್ನು ಪಳಗಿಸುವ ವೃತ್ತಿಯನ್ನು ಕೈಗೊಂಡರು. ಅಜ್ಜನಿಂದ ಬಂದ ಕಸುಬು ಹೀಗೆ ಇನ್ನೊಂದು ರೂಪದಲ್ಲಿ ಮುಂದುವರಿಯಿತು. ಇಂಗ್ಲೆಂಡಿಗೆ ಜೊತೆಯಾಗಿ ಬಂದು, ಮುಂದೆ ಅಮೆರಿಕದಲ್ಲಿಯೂ ಜೊತೆಗಿದ್ದ ಅಣ್ಣ ಷೇಕ್ ದಸ್ತಗೀರ್ ೧೯೬೦ರಲ್ಲಿ ತಮ್ಮ ಪೀಠೋಪಕರಣಗಳ ಅಂಗಡಿಯಲ್ಲಿ ನಡೆದ ದರೋಡೆಯ ಯತ್ನದಲ್ಲಿ ಕೊಲೆಯಾದರು.

ನಿಧನ ಮತ್ತು ನೆನಪು

೧೯೬೩ರ ಡಿಸೆಂಬರ್ ೨ರಂದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಸಾಬು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ೩೯ ವರ್ಷ. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಗಿದೆ. ಅವರು ನಟಿಸಿದ ಡಿಸ್ನಿ ಸಂಸ್ಥೆಯ ಎ ಟೈಗರ್ ವಾಕ್ಸ್ ಚಿತ್ರವು ಮರಣಾನಂತರ ೧೯೬೪ರಲ್ಲಿ ತೆರೆಕಂಡಿತು. ೧೯೬೦ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರವನ್ನು ಅಳವಡಿಸಲಾಗಿತ್ತು.

ಅವರು ಹುಟ್ಟಿದ ಕಾರಾಪುರದ ಬಳಿ ಇಂದು ಕಬಿನಿ ಜಲಾಶಯದ ಹಿನ್ನೀರು ಹರಡಿಕೊಂಡಿದೆ. ಖೆಡ್ಡಾ ಪದ್ಧತಿ ನಿಂತುಹೋಗಿದೆ. ಆ ಕಾಡಿನ ಆನೆಗಳು ಮತ್ತು ಮಾವುತರ ಬದುಕಿನ ಚಿತ್ರಣ ಎಲಿಫೆಂಟ್ ಬಾಯ್‌ನಲ್ಲಿ ಉಳಿದಿರುವುದರಿಂದ, ಕರ್ನಾಟಕದ ಇತಿಹಾಸದ ದಾಖಲೆಯಾಗಿಯೂ ಆ ಚಿತ್ರಕ್ಕೆ ಬೆಲೆಯಿದೆ.

ಪ್ರಮುಖ ಚಿತ್ರಗಳು

ಎಲಿಫೆಂಟ್ ಬಾಯ್ (೧೯೩೭) – ತೂಮಾಯಿ
ದಿ ಡ್ರಮ್ (೧೯೩೮) – ರಾಜಕುಮಾರ ಅಜೀಮ್
ದಿ ಥೀಫ್ ಆಫ್ ಬಾಗ್ದಾದ್ (೧೯೪೦) – ಅಬು
ಜಂಗಲ್ ಬುಕ್ (೧೯೪೨) – ಮೌಗ್ಲಿ
ಅರೇಬಿಯನ್ ನೈಟ್ಸ್ (೧೯೪೨)
ಕೋಬ್ರಾ ವುಮನ್ (೧೯೪೪)
ಬ್ಲ್ಯಾಕ್ ನಾರ್ಸಿಸಸ್ (೧೯೪೭) – ಯುವರಾಜ
ದಿ ಎಂಡ್ ಆಫ್ ದಿ ರಿವರ್ (೧೯೪೭)
ಬುವೊನ್‌ಜೋರ್ನೊ ಎಲೆಫಾಂತೆ (೧೯೫೨) – ಭಾರತದ ರಾಜ
ರ‍್ಯಾಂಪೇಜ್ (೧೯೬೩)
ಎ ಟೈಗರ್ ವಾಕ್ಸ್ (೧೯೬೪)